ಯಂತ್ರ ನಿಲ್ಲಿಸುವ ಹಕ್ಕು ಕೊಟ್ಟ ತೈಚಿ ಓನೊ

ಕಾರು ಕಾರ್ಖಾನೆಯಲ್ಲಿ ಓಡುತ್ತಿರುವ ಜೋಡಣಾ ಸಾಲನ್ನು ಕಾರ್ಮಿಕನೊಬ್ಬ ನಿಲ್ಲಿಸುವುದೆಂದರೆ ಒಂದು ಕಾಲದಲ್ಲಿ ಮಹಾಪರಾಧ. ಆ ಅಧಿಕಾರ ಮೇಲಿನವರಿಗೆ ಮಾತ್ರ ಮೀಸಲಾಗಿತ್ತು. ಅದನ್ನು ಯಂತ್ರದ ಮುಂದೆ ನಿಂತವನಿಗೇ ಒಪ್ಪಿಸಿದವರು ಜಪಾನಿನ ಎಂಜಿನಿಯರ್ ತೈಚಿ ಓನೊ. 1999ರಲ್ಲಿ ಉತ್ಪಾದನೆ ಆರಂಭಿಸಿದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಕಾರ್ಯವಿಧಾನದ ಬೇರೂ ಅವರಲ್ಲೇ ಇದೆ.

1912ರಲ್ಲಿ ಚೀನಾದ ಡಾಲಿಯನ್‌ನಲ್ಲಿ ಜನಿಸಿದ ಓನೊ, ನಗೋಯಾದಲ್ಲಿ ತಾಂತ್ರಿಕ ಶಿಕ್ಷಣ ಪೂರೈಸಿ 1932ರಲ್ಲಿ ಟೊಯೊಡಾ ಕುಟುಂಬದ ನೂಲು-ನೇಯ್ಗೆ ಕಂಪನಿಯನ್ನು ಸೇರಿದರು. ಅದರ ಸ್ಥಾಪಕ ಸಕಿಚಿ ಟೊಯೊಡಾ ರೂಪಿಸಿದ್ದ ಸ್ವಯಂಚಾಲಿತ ಮಗ್ಗ, ಹಾಸಿನ ಎಳೆ ಹರಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಕಾವಲು ಕಾಯುವ ಕೆಲಸ ತಪ್ಪಿದ್ದರಿಂದ ಒಬ್ಬಳೇ ಕೆಲಸಗಾರ್ತಿ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದಿತ್ತು.

1943ರಲ್ಲಿ ಕಾರು ಕಂಪನಿಗೆ ಬಂದ ಓನೊ ಈ ಪಾಠವನ್ನು ಮರೆಯಲಿಲ್ಲ. ಅಲ್ಲಿ ಲೇತ್ ನಡೆಸುವವನು ಲೇತ್ ಬಿಟ್ಟು ಬೇರೊಂದನ್ನು ಮುಟ್ಟುತ್ತಿರಲಿಲ್ಲ. 1947ರಿಂದ ಅವರು ಯಂತ್ರಗಳ ಸ್ಥಾನವನ್ನೇ ಬದಲಿಸಿ, ಬೇರೆ ಬೇರೆ ಬಗೆಯ ಯಂತ್ರಗಳನ್ನು ಒಬ್ಬನ ಸುಪರ್ದಿಗೆ ತಂದರು. ನುರಿತ ಕುಶಲಕರ್ಮಿಗಳಿಂದ ಪ್ರತಿರೋಧ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಹಿರಿಮೆಯೇ ಅಲುಗಾಡಿತ್ತು. ಸಾಲದ್ದಕ್ಕೆ 1950ರಲ್ಲಿ ಹಣದ ಮುಗ್ಗಟ್ಟು, ದೀರ್ಘ ಮುಷ್ಕರ. ಸುಮಾರು 2,000 ಮಂದಿ ಕೆಲಸ ತೊರೆದರು. ಅಧ್ಯಕ್ಷ ಕಿಚಿರೊ ಟೊಯೊಡಾ ಕೂಡ ರಾಜೀನಾಮೆಯಿತ್ತರು.

ಉಳಿದವರ ಮೇಲೆ ಓನೊ ಹೊರಿಸಿದ್ದು ದುಡಿಮೆಯನ್ನಷ್ಟೇ ಅಲ್ಲ, ತೀರ್ಮಾನವನ್ನೂ. ದೋಷ ಕಂಡ ಕೂಡಲೇ ಕಾರ್ಮಿಕ ಸಾಲನ್ನು ನಿಲ್ಲಿಸಬಹುದಿತ್ತು. ಎಲ್ಲಿ ತೊಂದರೆಯೆಂಬುದನ್ನು ಮೇಲೆ ತೂಗುಹಾಕಿದ ದೀಪಫಲಕ ತೋರಿಸುತ್ತಿತ್ತು. ಅದಕ್ಕೆ ಆಂಡಾನ್ ಎಂದು ಹೆಸರು. ಯಾರ ತಪ್ಪೆಂದು ಹುಡುಕುವ ಬದಲು ಏಕೆ ಎಂಬ ಪ್ರಶ್ನೆಯನ್ನು ಐದು ಬಾರಿ ಕೇಳಿ ಮೂಲ ಕಾರಣವನ್ನು ತಲುಪಬೇಕೆಂಬುದು ಅವರ ಕಟ್ಟಪ್ಪಣೆ. ಮೊದಮೊದಲು ಸಾಲು ಪದೇಪದೇ ನಿಂತಿತು. ದೋಷಗಳು ಬುಡಸಮೇತ ಹೋದಂತೆ ನಿಲುಗಡೆಯೂ ವಿರಳವಾಯಿತು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ಟೊಯೊಟಾದಲ್ಲಿ ಹಂಗಾಮಿ ಕಾರ್ಮಿಕನಾಗಿ ದುಡಿದ ಪತ್ರಕರ್ತ ಸತೋಶಿ ಕಮಾತಾ, 1973ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಅಲ್ಲಿನ ವೇಗವನ್ನೂ ಬಳಲಿಕೆಯನ್ನೂ ಕಟುವಾಗಿ ಚಿತ್ರಿಸಿದರು. ಹೊಣೆ ಹೆಚ್ಚಿದಷ್ಟು ವಿರಾಮ ಹೆಚ್ಚಲಿಲ್ಲವೆಂಬ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಕಾರ್ಯನಿರ್ವಾಹಕ ಉಪಾಧ್ಯಕ್ಷರಾಗಿದ್ದ ಓನೊ 1978ರಲ್ಲಿ ತಮ್ಮ ಪದ್ಧತಿಯನ್ನು ಪುಸ್ತಕವಾಗಿಸಿದರು. 1990ರ ಮೇ 28ರಂದು ನಿಧನರಾದರು.