ಸ್ಮಾರ್ಟ್‌ವಾಚ್ ಹೃದಯಾಘಾತವನ್ನು ಪತ್ತೆ ಮಾಡುತ್ತದೆಯೇ? ಇಸಿಜಿ ಕೊಟ್ಟ ಐಂಥೋವನ್ ಕಥೆ ಓದಿ

ಕೈಯಲ್ಲಿ ಸ್ಮಾರ್ಟ್‌ವಾಚ್ ಇದ್ದರೆ ಹೃದಯಾಘಾತ ಮೊದಲೇ ಗೊತ್ತಾಗುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಇದು ನಿಜವೇ? ಉತ್ತರ ತಿಳಿಯಲು, ಆ ವಾಚಿನ ಇಸಿಜಿ ಎಲ್ಲಿಂದ ಬಂತು ಎಂದು ನಾವು ಮೊದಲು ನೋಡೋಣ.

ವಿಲ್ಲೆಮ್ ಐಂಥೋವನ್ ಹುಟ್ಟಿದ್ದು 1860ರಲ್ಲಿ, ಜಾವಾ ದ್ವೀಪದ ಸೆಮರಾಂಗ್‌ನಲ್ಲಿ. ವೈದ್ಯರಾಗಿದ್ದ ತಂದೆ ಬೇಗನೆ ತೀರಿಕೊಂಡರು. ತಾಯಿ ಮಕ್ಕಳೊಂದಿಗೆ ನೆದರ್ಲೆಂಡ್ಸ್‌ಗೆ ಬಂದು ನೆಲೆಸಿದರು. ಅಲ್ಲಿ ವೈದ್ಯಕೀಯ ಓದಿದ ಐಂಥೋವನ್ 25ನೇ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಹೃದಯ ಬಡಿಯುವಾಗ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ ಎಂಬುದು ಆಗಲೇ ಗೊತ್ತಿತ್ತು. ಅದನ್ನು ನಿಖರವಾಗಿ ಅಳೆಯುವ ಸಾಧನ ಮಾತ್ರ ಇರಲಿಲ್ಲ. ಐಂಥೋವನ್, ಬೆಳ್ಳಿ ಲೇಪಿಸಿದ ಕೂದಲಿಗಿಂತ ತೆಳುವಾದ ಎಳೆಯೊಂದನ್ನು ಬಲವಾದ ವಿದ್ಯುತ್ಕಾಂತದ ನಡುವೆ ಬಿಗಿದರು. ವಿದ್ಯುತ್ ಹರಿದಾಗ ಎಳೆ ಅಲುಗುತ್ತಿತ್ತು, ಅದರ ನೆರಳು ಫೋಟೋದಲ್ಲಿ ಗೆರೆಯಾಗಿ ಮೂಡುತ್ತಿತ್ತು. ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಿತ್ತು.

ಇಂಥ ಯಂತ್ರವನ್ನು ಆಸ್ಪತ್ರೆಗೆ ಹೊತ್ತೊಯ್ಯುವುದು ಹೇಗೆ? 1905ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ಇಸಿಜಿ ತರಿಸಿಕೊಂಡರು. ದೂರದಿಂದಲೇ ರೋಗಿಯ ಹೃದಯವನ್ನು ಗಮನಿಸುವ ಕೆಲಸ ಶುರುವಾಗಿದ್ದು ಹೀಗೆ. 1924ರಲ್ಲಿ ಅವರಿಗೆ ನೊಬೆಲ್ ಬಂತು. 1927ರಲ್ಲಿ ತೀರಿಕೊಂಡರು.

ಇಂದು ತುರ್ತು ಚಿಕಿತ್ಸಾ ಘಟಕದ ಮಾನಿಟರ್‌ನಲ್ಲಿ ಓಡುವುದು ಅದೇ ಗೆರೆ. ವಾಚ್ ಕಟ್ಟಿ, ಇನ್ನೊಂದು ಕೈಯ ಬೆರಳನ್ನು ಅದರ ಮೇಲಿಟ್ಟಾಗ ಸಿಗುವುದೂ ಐಂಥೋವನ್ ಎರಡು ಕೈಗಳ ನಡುವೆ ಅಳೆದ ಅದೇ ವಿದ್ಯುತ್. ರಾಶಿ ರಾಶಿ ಇಸಿಜಿಗಳನ್ನು ನೋಡಿ ಕಲಿತ ಸಾಫ್ಟ್‌ವೇರ್, ಇದರಲ್ಲಿ ತಾಳ ತಪ್ಪಿದ ಬಡಿತವನ್ನು ಗುರುತಿಸಬಲ್ಲದು.

ಆದರೆ ಹೃದಯಾಘಾತ ಬೇರೆ. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೂ ಬಡಿತದ ತಾಳ ಸರಿಯಾಗಿಯೇ ಇರಬಹುದು. ಅದಕ್ಕಾಗಿಯೇ ವೈದ್ಯರು ಹೃದಯವನ್ನು ಹಲವು ಕೋನಗಳಿಂದ ನೋಡುವ 12 ಲೀಡ್ ಇಸಿಜಿ ಮತ್ತು ರಕ್ತಪರೀಕ್ಷೆ ಮಾಡಿಸುತ್ತಾರೆ.

ಹಾಗಾಗಿ ಆ ಮೆಸೇಜ್ ನಂಬುವಂಥದ್ದಲ್ಲ. ಎದೆನೋವು, ತಣ್ಣನೆ ಬೆವರು, ಉಸಿರಾಟಕ್ಕೆ ಕಷ್ಟ ಕಾಣಿಸಿಕೊಂಡರೆ, ವಾಚ್ ಎಲ್ಲವೂ ಸರಿಯಿದೆ ಎಂದರೂ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.