ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಬೆಳಕಿನ ಚದುರಿಕೆಯ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಭಾರತೀಯ ಭೌತವಿಜ್ಞಾನಿ. ತಿರುಚಿರಾಪಳ್ಳಿಯಲ್ಲಿ ಜನಿಸಿದ ಇವರು ಬಾಳಿನ ಕೊನೆಯ 37 ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು.

1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದ ರಾಮನ್, ಕಚೇರಿಯ ವೇಳೆ ಮುಗಿದ ಬಳಿಕ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದರು. 1917ರಲ್ಲಿ ಆ ಹುದ್ದೆಯನ್ನು ತೊರೆದು ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ರಾಮನ್ ಪರಿಣಾಮ

ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಕಿರುಪಟ್ಟಿ. ಅದಕ್ಕಿಂತ ಉದ್ದದ ಅಲೆಗಳು ಅವಕೆಂಪು ಕಿರಣಗಳು. ಗಿಡ್ಡನೆಯವು ನೇರಳಾತೀತ ಕಿರಣಗಳು. ಮೂರೂ ವಿದ್ಯುತ್ಕಾಂತೀಯ ಅಲೆಗಳೇ ಆದರೂ ಅವುಗಳ ಶಕ್ತಿ ಬೇರೆ ಬೇರೆ. ಅವಕೆಂಪು ಕಿರಣವು ಅಣುವಿನೊಳಗಿನ ಪರಮಾಣುಗಳನ್ನು ಕಂಪಿಸುವಂತೆ ಮಾಡಬಲ್ಲದು. ನೇರಳಾತೀತ ಕಿರಣವಾದರೋ ಎಲೆಕ್ಟ್ರಾನುಗಳನ್ನೇ ಮೇಲಿನ ಸ್ಥಿತಿಗೆ ಎತ್ತಬಲ್ಲದು. ಆದ್ದರಿಂದ ಅಣುಗಳ ಕಂಪನವನ್ನು ಅರಿಯಬೇಕೆಂದವರು ಅವಕೆಂಪನ್ನೇ ಆಶ್ರಯಿಸಬೇಕಾಗಿತ್ತು. ಅದು ಕಷ್ಟದ ದಾರಿ. ಸಾಮಾನ್ಯ ಗಾಜು ಆ ಉದ್ದದ ಅಲೆಗಳನ್ನು ಹೀರಿಬಿಡುತ್ತದೆ. ಛಾಯಾಚಿತ್ರ ಫಲಕದ ಮೇಲೂ ಅವು ಮೂಡುವುದಿಲ್ಲ.

ಫೆಬ್ರವರಿ 28, 1928ರಂದು ಕಲ್ಕತ್ತೆಯಲ್ಲಿ ದೃಢಪಟ್ಟ ಶೋಧನೆಯು ಈ ತೊಡಕನ್ನು ನಿವಾರಿಸಿತು. ಪಾದರಸ ದೀಪದ 435.8 ನ್ಯಾನೋಮೀಟರ್‌ನ ನೀಲಿ ಬೆಳಕು ಬೆಂಜೀನ್ ದ್ರವದಲ್ಲಿ ಚದುರಿದಾಗ, ಅದರ ಅತ್ಯಲ್ಪ ಭಾಗ ಸುಮಾರು 455.5 ನ್ಯಾನೋಮೀಟರ್‌ಗೆ ಬದಲಾಗಿ ಹೊರಬರುತ್ತದೆ. ನಡುವೆ ಕಳೆದುಹೋದ ಶಕ್ತಿಯು ಸುಮಾರು 10 ಮೈಕ್ರೋಮೀಟರ್‌ನ ಅವಕೆಂಪು ಕಿರಣದ ಶಕ್ತಿಗೆ ಸಮ. ಅದನ್ನು ಪಡೆದುಕೊಂಡು ಅಣು ಕಂಪಿಸುತ್ತದೆ. ಹೀಗೆ ಅವಕೆಂಪಿನ ವಾರ್ತೆಯನ್ನು ಗೋಚರ ಬೆಳಕಿನಲ್ಲಿ, ಗಾಜಿನ ಉಪಕರಣಗಳಿಂದಲೇ ಓದಲು ಸಾಧ್ಯವಾಯಿತು. ಅವಕೆಂಪನ್ನು ಹೀರದ ಆಮ್ಲಜನಕ, ಸಾರಜನಕ ಅಣುಗಳ ಕಂಪನವೂ ಈ ವಿಧಾನಕ್ಕೆ ಸಿಗುತ್ತದೆ. ಈ ಕಾರ್ಯದಲ್ಲಿ ಕೆ. ಎಸ್. ಕೃಷ್ಣನ್ ಅವರ ಪಾಲು ದೊಡ್ಡದು. ಪ್ರಶಸ್ತಿ ಮಾತ್ರ ರಾಮನ್ ಒಬ್ಬರಿಗೇ ಸಂದಿತು.

ಬೆಂಗಳೂರಿನಲ್ಲಿ

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆಡಳಿತದ ಭಿನ್ನಾಭಿಪ್ರಾಯಗಳಿಂದಾಗಿ 1937ರಲ್ಲಿ ಆ ಸ್ಥಾನವನ್ನು ಬಿಟ್ಟುಕೊಟ್ಟರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು.

ಈ ಅವಧಿಯಲ್ಲಿ ಅವರನ್ನು ಸೆಳೆದದ್ದು ವಜ್ರ. ಕಣ್ಣಿಗೆ ಒಂದೇ ತೆರನಾಗಿ ನಿರ್ಮಲವಾಗಿ ಕಾಣುವ ವಜ್ರಗಳಲ್ಲಿ ಕೆಲವು ಸುಮಾರು 300 ನ್ಯಾನೋಮೀಟರ್‌ಗಿಂತ ಗಿಡ್ಡನೆಯ ನೇರಳಾತೀತ ಕಿರಣಗಳನ್ನು ತಡೆಯುತ್ತವೆ; ಕೆಲವು 225ರ ಸಮೀಪದವರೆಗೂ ಹಾಯಗೊಡುತ್ತವೆ. 8 ಮೈಕ್ರೋಮೀಟರ್ ಸುತ್ತಲಿನ ಅವಕೆಂಪಿನಲ್ಲಿಯೂ ಇಂತಹದೇ ಭೇದವಿದೆ. ಸ್ಫಟಿಕ ರಚನೆಯ ವ್ಯತ್ಯಾಸವೇ ಇದಕ್ಕೆ ಕಾರಣವೆಂದು ರಾಮನ್ ಪ್ರತಿಪಾದಿಸಿದರು. ಕಾರಣ ಅದಲ್ಲ, ವಜ್ರದಲ್ಲಿ ಬೆರೆತ ಸಾರಜನಕವೆಂಬುದು 1959ರಲ್ಲಿ ತಿಳಿದುಬಂತು. ಅವರ ವಿವರಣೆ ನಿಲ್ಲಲಿಲ್ಲವಾದರೂ, ಆ ಕಾಲದಲ್ಲಿ ಬೆಂಗಳೂರಿನಲ್ಲಿ ದೊರೆತ ವಜ್ರದ ರೋಹಿತಗಳ ಬೆಲೆ ಕುಗ್ಗಲಿಲ್ಲ.

ಮೈಸೂರು ಮಹಾರಾಜರು ನೀಡಿದ್ದ ಭೂಮಿಯಲ್ಲಿ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ನೆಲೆಗೊಂಡಿತು. ಅಲ್ಲಿನ ಸಂಗ್ರಹಾಲಯದ ಕತ್ತಲೆ ಕೋಣೆಯಲ್ಲಿ, ಹಗಲಿನಲ್ಲಿ ಬರಿಯ ಕಲ್ಲುಗಳಂತೆ ತೋರುವ ಖನಿಜಗಳು ನೇರಳಾತೀತ ದೀಪದಡಿ ಬಣ್ಣಬಣ್ಣವಾಗಿ ಹೊಳೆಯುತ್ತವೆ. 1954ರಲ್ಲಿ ಭಾರತರತ್ನ ದೊರೆಯಿತು. 1970ರಲ್ಲಿ ನಿಧನರಾದ ರಾಮನ್ ಅವರ ಅಂತ್ಯಕ್ರಿಯೆ ಸಂಸ್ಥೆಯ ತೋಟದಲ್ಲಿಯೇ ನಡೆಯಿತು. ಆ ಸ್ಥಳದಲ್ಲಿ ಸ್ಮಾರಕವಾಗಿ ಒಂದು ಮರವನ್ನು ನೆಡಲಾಗಿದೆ.