ಪರರ ಸಂಗೀತಕ್ಕೂ ತಲೆದೂಗಿದ ಫ್ರಾನ್ಜ್ ಲಿಸ್ಟ್

ಒಬ್ಬ ಕಲಾವಿದ ಇನ್ನೊಬ್ಬ ಕಲಾವಿದನನ್ನು ಮನಸಾರೆ ಮೆಚ್ಚುವುದು ಸುಲಭವಲ್ಲ. ತನ್ನ ಶೈಲಿಗೆ ತೀರ ಭಿನ್ನವಾದುದನ್ನು ಮೆಚ್ಚುವುದು ಇನ್ನೂ ಕಷ್ಟ. ಮೆಚ್ಚುಗೆಗೆ ಪ್ರತಿಯಾಗಿ ತಿರಸ್ಕಾರವೇ ದೊರೆತಾಗಲೂ ಗೌರವವನ್ನು ಹಿಂತೆಗೆದುಕೊಳ್ಳದಿರುವುದು ಎಲ್ಲಕ್ಕಿಂತ ಕಠಿಣ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ಮೂರನೆಯ ಮೆಟ್ಟಿಲನ್ನೂ ಏರಿದವರು ಪಿಯಾನೋ ಮಾಂತ್ರಿಕರೆಂದು ಹೆಸರಾದ ಫ್ರಾನ್ಜ್ ಲಿಸ್ಟ್. ಅವರ ಬಾಳಿನ ಈ ಮುಖವನ್ನು ನಾವಿಂದು ಪರಿಚಯಿಸಿಕೊಳ್ಳೋಣ.

ಲಿಸ್ಟರು ಜನಿಸಿದ್ದು 1811ರ ಅಕ್ಟೋಬರ್ 22ರಂದು, ಅಂದು ಹಂಗೇರಿ ರಾಜ್ಯಕ್ಕೆ ಸೇರಿದ್ದು ಇಂದು ಆಸ್ಟ್ರಿಯದಲ್ಲಿರುವ ರೈಡಿಂಗ್ ಎಂಬ ಹಳ್ಳಿಯಲ್ಲಿ. ಎಸ್ಟರ್‌ಹಾಜಿ ರಾಜಮನೆತನದ ನೌಕರಿಯಲ್ಲಿದ್ದ ತಂದೆ ಆಡಮ್ ಲಿಸ್ಟರೇ ಮೊದಲ ಗುರು. ಮಗನ ಪ್ರತಿಭೆಯನ್ನು ಕಂಡ ಅವರು ಕುಟುಂಬ ಸಮೇತ ವಿಯೆನ್ನಾಕ್ಕೆ ತೆರಳಿ, ಚೆರ್ನಿ ಮತ್ತು ಸಾಲಿಯೇರಿ ಅವರಲ್ಲಿ ಬಾಲಕನನ್ನು ಶಿಷ್ಯನಾಗಿ ಸೇರಿಸಿದರು. 1823ರಲ್ಲಿ ಪ್ಯಾರಿಸ್ಸಿಗೆ ಬಂದಾಗ, ಪರದೇಶದವನೆಂಬ ಕಾರಣಕ್ಕೆ ಅಲ್ಲಿನ ಸಂಗೀತ ವಿದ್ಯಾಲಯ ಬಾಗಿಲು ತೆರೆಯಲಿಲ್ಲ. 1827ರಲ್ಲಿ ತಂದೆ ತೀರಿಕೊಂಡಾಗ ಲಿಸ್ಟರಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಪಾಠ ಹೇಳಿ ತಾಯಿಯನ್ನು ಸಾಕುತ್ತಿದ್ದ ಆ ದಿನಗಳಲ್ಲಿ ಗುರುವಾಗಬೇಕೆಂಬ ಹಂಬಲ ಅವರಲ್ಲಿ ಮೊಳೆಯಿತು. ಆದರೆ ಸಂಗೀತವೇ ಅವರನ್ನು ಉಳಿಸಿಕೊಂಡಿತು.

ಪ್ಯಾರಿಸ್ಸಿನಲ್ಲಿ ಅವರ ಗೆಳೆತನದ ವಲಯ ವಿಶಾಲವಾಗಿತ್ತು. ಬರ್ಲಿಯೋಜರ ಅದ್ಭುತ ಕಲ್ಪನೆಯ ಸಿಂಫನಿಯನ್ನು 1830ರಲ್ಲಿ ಕೇಳಿ ಬೆರಗಾದ ಲಿಸ್ಟರು, ಅದನ್ನು ಪಿಯಾನೋಗೆ ಅಳವಡಿಸಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಶೋಪ್ಯಾನರದು ಮೃದುವಾದ, ಅಂತರ್ಮುಖಿಯಾದ ವಾದನ. ಲಿಸ್ಟರದು ಸಭಾಂಗಣವನ್ನೇ ನಡುಗಿಸುವ ಧಾಟಿ. ಆದರೂ ಶೋಪ್ಯಾನರು ತಮ್ಮ ಮೊದಲ ಅಭ್ಯಾಸ ಕೃತಿಮಾಲೆಯನ್ನು 1833ರಲ್ಲಿ ಅರ್ಪಿಸಿದ್ದು ಲಿಸ್ಟರಿಗೇ. ಶೋಪ್ಯಾನರು 1849ರಲ್ಲಿ ನಿಧನರಾದ ಮೇಲೆ ಅವರನ್ನು ಕುರಿತು ಗ್ರಂಥವೊಂದನ್ನು ಹೊರತಂದವರೂ ಲಿಸ್ಟರೇ.

ಹಾಗೆಂದು ಅವರು ಹುಟ್ಟಿನಿಂದಲೇ ಉದಾರಿಯೆಂದು ಭಾವಿಸಬಾರದು. ತಾಲ್ಬರ್ಗ್ ಎಂಬ ಪಿಯಾನೋ ವಾದಕರ ಕೀರ್ತಿ ಪ್ಯಾರಿಸ್ಸಿನಲ್ಲಿ ಏರತೊಡಗಿದಾಗ, 1837ರ ಆರಂಭದಲ್ಲಿ ಲಿಸ್ಟರು ಪತ್ರಿಕೆಯಲ್ಲಿ ಅವರ ಕೃತಿಗಳನ್ನು ಕಟುವಾಗಿ ಹಳಿದು ಬರೆದರು. ಅದೇ ವರ್ಷದ ಮಾರ್ಚ್ 31ರಂದು ಇಟಲಿಯ ನಿರಾಶ್ರಿತರ ನೆರವಿಗಾಗಿ ರಾಜಕುಮಾರಿ ಬೆಲ್ಜೊಯೋಸೊ ತಮ್ಮ ಮನೆಯಲ್ಲಿ ಇಬ್ಬರನ್ನೂ ಒಂದೇ ದಿನ ನುಡಿಸಲು ಕೂಡಿಸಿದರು. ಸೋಲು ಗೆಲುವಿಲ್ಲದೆ ಆ ಸ್ಪರ್ಧೆ ಮುಗಿಯಿತು. ಆಕೆಯ ಕೋರಿಕೆಯಿಂದಲೇ ‘ಹೆಕ್ಸಾಮೆರೊನ್’ ಎಂಬ ಕೃತಿ ಹುಟ್ಟಿತು. ಬೆಲ್ಲಿನಿಯವರ ಒಂದೇ ರಾಗವನ್ನು ಆರು ಮಂದಿ ತಂತಮ್ಮ ಶೈಲಿಯಲ್ಲಿ ವಿಸ್ತರಿಸಿದ ರಚನೆ ಅದು. ಲಿಸ್ಟ್, ತಾಲ್ಬರ್ಗ್, ಶೋಪ್ಯಾನ್, ಚೆರ್ನಿ ಎಲ್ಲರೂ ಅದರಲ್ಲಿ ಇದ್ದಾರೆ. ಆರನ್ನೂ ಬೆಸೆದು ಒಂದಾಗಿಸಿದ ಕೆಲಸ ಲಿಸ್ಟರದು. ಎದುರಾಳಿಯ ಸ್ವರಕ್ಕೆ ತಮ್ಮ ಕೈಯಾರೆ ಸ್ಥಾನ ಕಲ್ಪಿಸಿದ ಈ ಅನುಭವ ಅವರ ಮುಂದಿನ ಬಾಳಿಗೆ ಮುನ್ನುಡಿಯಂತಿತ್ತೆಂದು ನಮಗೆ ತೋರುತ್ತದೆ.

1847ರಲ್ಲಿ, ಕೇವಲ 35ರ ಪ್ರಾಯದಲ್ಲಿ, ಅವರು ಹಣಕ್ಕಾಗಿ ನುಡಿಸುವುದನ್ನು ನಿಲ್ಲಿಸಿದರು. ಮರುವರ್ಷ ವೈಮಾರ್ ಆಸ್ಥಾನದ ಸಂಗೀತ ನಿರ್ದೇಶಕರಾಗಿ ನೆಲೆಸಿ, ಆ ಚಿಕ್ಕ ಪಟ್ಟಣದ ರಂಗಮಂದಿರವನ್ನು ಇತರರ ಕೃತಿಗಳಿಗೆ ಬಿಟ್ಟುಕೊಟ್ಟರು. ಡ್ರೆಸ್ಡೆನ್ನಿನ ದಂಗೆಯ ಬಳಿಕ 1849ರಲ್ಲಿ ಬಂಧನದ ಭೀತಿಯಿಂದ ಓಡಿಬಂದ ವಾಗ್ನರರಿಗೆ ಆಶ್ರಯವಿತ್ತು, ಹಣವಿತ್ತು ದೇಶ ದಾಟಿಸಿದರು. ಅವರ ‘ಲೋಹೆಂಗ್ರಿನ್’ ಗೀತನಾಟಕವನ್ನು 1850ರ ಆಗಸ್ಟ್ 28ರಂದು ಪ್ರಥಮ ಬಾರಿಗೆ ಪ್ರದರ್ಶಿಸಿದರು. ರಚಿಸಿದವರೋ ದೂರದ ಸ್ವಿಟ್ಜರ್ಲೆಂಡಿನಲ್ಲಿ ಗಡೀಪಾರಾಗಿ ಕುಳಿತಿದ್ದರು.

ಶೂಮನ್ ದಂಪತಿಗಳ ವಿಷಯ ಇನ್ನೂ ಮನಕಲಕುವಂಥದು. ರಾಬರ್ಟ್ ಶೂಮನ್ ತಮ್ಮ ‘ಫ್ಯಾಂಟಸಿ’ಯನ್ನು ಲಿಸ್ಟರಿಗೆ ಅರ್ಪಿಸಿದ್ದರು. ಲಿಸ್ಟರು ತಮ್ಮ ಶ್ರೇಷ್ಠ ಸೊನಾಟಾವನ್ನು 1854ರಲ್ಲಿ ಅವರಿಗೆ ಅರ್ಪಿಸಿದರು. ರಾಬರ್ಟರು ಆಗ ಮಾನಸಿಕ ಚಿಕಿತ್ಸಾಲಯ ಸೇರಿದ್ದರು. ಪತ್ನಿ ಕ್ಲಾರಾ ಅವರಿಗೆ ಆ ಕೃತಿ ಒಂದಿಷ್ಟೂ ರುಚಿಸಲಿಲ್ಲ. ಆದರೂ ಲಿಸ್ಟರು ಕ್ಲಾರಾರ ಕಲೆಯನ್ನು ಹೊಗಳಿ ಲೇಖನ ಬರೆದರು. 1855ರಲ್ಲಿ ರಾಬರ್ಟರ ‘ಜೆನೊವೇವಾ’ವನ್ನು ವೈಮಾರಿನಲ್ಲಿ ರಂಗಕ್ಕೆ ತಂದರು. ಮುಂದೆ ಪತಿಯ ಕೃತಿಗಳನ್ನು ಸಂಪಾದಿಸುವಾಗ ಕ್ಲಾರಾ ಅವರು ಲಿಸ್ಟರಿಗೆ ಮಾಡಿದ್ದ ಅರ್ಪಣೆಯನ್ನೇ ಅಳಿಸಿಹಾಕಿದರು.

ವೈಮಾರಿನಲ್ಲಿ ಲಿಸ್ಟರ ವಾದ್ಯವೃಂದದ ಮುಂದಾಳಾಗಿದ್ದ ಪಿಟೀಲು ವಾದಕ ಯೋವಾಕಿಮ್, ಅವರ ಸಂಗೀತ ತಮಗೆ ಒಗ್ಗದೆಂದು 1857ರಲ್ಲಿ ನೇರವಾಗಿ ಪತ್ರ ಬರೆದು ದೂರವಾದರು. 1860ರಲ್ಲಿ ಅವರೂ ಬ್ರಾಮ್ಸ್‌ರೂ ಇನ್ನಿಬ್ಬರೂ ಲಿಸ್ಟರ ಪಂಥವನ್ನು ಖಂಡಿಸುವ ಹೇಳಿಕೆಗೆ ಸಹಿ ಹಾಕಿದರು. ಲಿಸ್ಟರ ಲೇಖನಿ ಈ ಬಾರಿ ತಾಲ್ಬರ್ಗರ ಕಾಲದಂತೆ ಕೆರಳಲಿಲ್ಲ. ಮುಂದೆ ಅವರು ಶಿಷ್ಯರಿಗೆ ನಡೆಸಿದ ತರಗತಿಗಳಲ್ಲಿ ಬ್ರಾಮ್ಸ್‌ರ ಕೃತಿಗಳಿಗೂ ಸ್ಥಳವಿತ್ತು.

ಅವರ ಖಾಸಗಿ ಬದುಕು ನಿಷ್ಕಳಂಕವಾಗಿರಲಿಲ್ಲ. ವಿವಾಹದ ಹೊರಗಿನ ಸಂಬಂಧದಲ್ಲಿ ಮೂವರು ಮಕ್ಕಳಿದ್ದರು. ಅವರಲ್ಲಿ ಇಬ್ಬರನ್ನು 1859 ಮತ್ತು 1862ರಲ್ಲಿ ಮೃತ್ಯು ಸೆಳೆದೊಯ್ದಿತು. ನೊಂದ ಲಿಸ್ಟರು ರೋಮ್ ನಗರದ ಹೊರವಲಯದ ಮಠವೊಂದರಲ್ಲಿ ನೆಲೆಸಿದರು. ಜಗದ್ಗುರು ಒಂಬತ್ತನೆಯ ಪಿಯುಸ್ ಅವರು 1863ರಲ್ಲಿ ಅಲ್ಲಿಗೇ ಬಂದು ಅವರ ವಾದನವನ್ನು ಆಲಿಸಿದರು. 1865ರಲ್ಲಿ ಲಿಸ್ಟರು ಕಿರುದೀಕ್ಷೆಗಳನ್ನು ಸ್ವೀಕರಿಸಿ ಕಪ್ಪು ನಿಲುವಂಗಿ ಧರಿಸಿದರು. ಯಾಜಕರಾಗಲಿಲ್ಲವಾದರೂ ‘ಕ್ರಿಸ್ತುಸ್’ ಮಹಾಕೃತಿ, ಬಲಿಪೂಜೆಯ ಸಂಗೀತ, ಶಿಲುಬೆ ಹಾದಿಯ ಸಂಗೀತ ಅವರಿಂದ ಹರಿದು ಬಂದವು. ಉಳಿದ ಮಗಳು ಕೋಸಿಮಾ ಪತಿಯನ್ನು ತೊರೆದು ವಾಗ್ನರರನ್ನು ವರಿಸಿದ್ದು ತಂದೆಗೆ ಆಳವಾದ ಗಾಯ. ಕೆಲವು ವರ್ಷಗಳ ಮೌನದ ನಂತರ 1872ರಲ್ಲಿ ಆ ಗಾಯವನ್ನೂ ಅವರು ಮಾಯಿಸಿಕೊಂಡರು.

ಇಳಿವಯಸ್ಸಿನಲ್ಲೂ ಅವರ ಮನೆಬಾಗಿಲು ತೆರೆದೇ ಇತ್ತು. ನಾರ್ವೆಯ ಗ್ರೀಗ್, ರಷ್ಯಾದ ಬೊರೊದಿನ್ ಅವರಿಂದ ಪ್ರೋತ್ಸಾಹ ಪಡೆದರು. ಫ್ರೆಂಚ್ ರಂಗಮಂದಿರಗಳು ಹಿಂದೇಟು ಹಾಕಿದ್ದ ಸ್ಯಾನ್-ಸಾನ್ಸ್‌ರ ‘ಸಂಸೋನ ಮತ್ತು ದೆಲೀಲಾ’ ಲಿಸ್ಟರ ಬೆಂಬಲದಿಂದಲೇ 1877ರಲ್ಲಿ ವೈಮಾರಿನಲ್ಲಿ ಬೆಳಕು ಕಂಡಿತು. ಶಿಷ್ಯರಿಂದ ಅವರು ಶುಲ್ಕ ಪಡೆಯುತ್ತಿರಲಿಲ್ಲ. 1886ರ ಜುಲೈ 31ರಂದು, ವಾಗ್ನರರ ಊರಾದ ಬೈರಾಯ್ಟ್‌ನಲ್ಲಿ ಅವರು ಕೊನೆಯುಸಿರೆಳೆದರು.

ನಮ್ಮ ಧರ್ಮಕೇಂದ್ರಗಳ ಗಾನವೃಂದಗಳಲ್ಲೂ ಅಭಿರುಚಿಗಳು ಹಲವು. ಹಿರಿಯರಿಗೆ ಹಳೆಯ ಗೀತೆ ಪ್ರಿಯ, ಕಿರಿಯರಿಗೆ ಗಿಟಾರಿನ ಲಯ ಪ್ರಿಯ. ಒಬ್ಬರು ಹಾಡುವಾಗ ಮತ್ತೊಬ್ಬರು ಮುಖ ತಿರುವುವುದನ್ನು ನಾವು ಕಂಡಿಲ್ಲವೇ? ಲಿಸ್ಟರು ತಮ್ಮ ಶೈಲಿಯನ್ನು ಬಿಟ್ಟುಕೊಡಲಿಲ್ಲ. ಅನ್ಯರ ಶೈಲಿಯನ್ನು ಹಗುರವಾಗಿ ಕಾಣುವ ಚಟವನ್ನು ಮಾತ್ರ ಬಿಟ್ಟರು. ದೇವರನ್ನು ಸ್ತುತಿಸಲು ಕೂಡುವ ನಮಗೆ ಅಷ್ಟು ಸಾಧ್ಯವಾದರೆ ಸಾಕು.